ಯಾವ ತೂತಿಗೆ ಯಾವ ವೈರು

ಫೋಟೋ ಕಳ್ಕೊಂಡವರು ನನ್ನ ಅಂಗಡಿಗೆ ಅಳ್ತಾ ಬರ್ತಾರೆ. ವೈರು ಎಲ್ಲಿಗೆ ಸಿಕ್ಕಿಸಬೇಕು ಅಂತ ಗೊತ್ತಾಗದವರು ಬೈತಾ ಬರ್ತಾರೆ. ಈ ಎರಡನೇ ಗುಂಪಿನವರು ಇರೋವರೆಗೂ ನನಗೆ ನಗೋದಕ್ಕೆ ಬೇರೆ ಟಿವಿ ಬೇಡ.

ನನ್ನದು ಜಯನಗರದಲ್ಲಿ ಒಂದು ಪುಟ್ಟ ಅಂಗಡಿ. ಮೊದಲು ಫೋಟೋ ಸ್ಟುಡಿಯೋ ಆಗಿತ್ತು. "ಗದ್ದ ಸ್ವಲ್ಪ ಕೆಳಗೆ, ನಗಬೇಡಿ" ಅಂದುಕೊಂಡೇ ಅರ್ಧ ಜಯನಗರದ ಪಾಸ್‌ಪೋರ್ಟ್ ಫೋಟೋ ತೆಗೆದಿದ್ದೀನಿ. ಎಲ್ಲರ ಕೈಗೂ ಕ್ಯಾಮೆರಾ ಇರೋ ಫೋನು ಬಂದಮೇಲೆ, ತೆಗೆಯೋ ಕೆಲಸ ಹೋಗಿ, ತೆಗೆದಿದ್ದನ್ನ ಕಾಪಾಡೋ ಕೆಲಸ ಬಂತು. ಈಗ ಮನೆಮನೆಗೆ ಹೋಗಿ ‘ಮನೆ ಸರ್ವರ್’ ಕೂರಿಸಿಕೊಡ್ತೀನಿ. ಹೆಸರು ಕೇಳಿ ಹೆದರಬೇಡಿ. ಟಿಫನ್ ಕ್ಯಾರಿಯರ್ ಗಾತ್ರದ ಒಂದು ಡಬ್ಬ, ಒಳಗೆ ಹಾರ್ಡ್ ಡಿಸ್ಕು. ಮನೆಯವರೆಲ್ಲರ ಫೋನಿನ ಫೋಟೋ, ವಿಡಿಯೋ, ಮನೆ ಪತ್ರದ ಸ್ಕ್ಯಾನು, ಎಲ್ಲ ತಂತಾನೇ ಅದರೊಳಗೆ ಹೋಗಿ ಕೂತ್ಕೊಳ್ಳುತ್ತೆ.

ಆದರೆ ಡಬ್ಬಾನೂ ಒಂದು ದಿನ ಕೆಡುತ್ತೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, "ಹೊರಗಡೆ ಇನ್ನೊಂದು ಡಿಸ್ಕ್ ಇಟ್ಕೊಳ್ಳಿ. ವಾರಕ್ಕೊಂದು ಸಲ ವೈರ್ ಹಾಕಿ, ಡಬ್ಬದಲ್ಲಿರೋದನ್ನೆಲ್ಲ ಅದಕ್ಕೆ ಇಳಿಸಿ, ಕಿತ್ತು ಬೀರುವಿನಲ್ಲಿಡಿ." ಇಷ್ಟೇ. ಬ್ಯಾಕಪ್ ಅಂದರೆ ಇಷ್ಟೇ ಅಂದುಕೊಂಡಿದ್ದೆ. ಆದರೆ ಆ ಡಬ್ಬದ ಹಿಂದೆ ಇರೋ ತೂತುಗಳು ಒಂದೊಂದೂ ಒಂದೊಂದು ಥರ. ಕರಿ ತೂತು ನಿಧಾನ, ನೀಲಿ ತೂತು ಬೇಗ, ಚಪ್ಪಟೆ ತೂತು ಇನ್ನೂ ಬೇಗ, ಚೌಕದ ತೂತು ನೆಟ್‌ವರ್ಕಿಂದು. ಯಾವುದಕ್ಕೆ ಯಾವ ವೈರು ಅನ್ನೋ ಪ್ರಶ್ನೆಯಿಂದ ಹುಟ್ಟಿದ ಪ್ರಸಂಗಗಳೇ ಇವೆಲ್ಲ.

ಡಿಕಾಕ್ಷನ್ ಸಿದ್ಧಾಂತ

ಜಯನಗರದಲ್ಲೇ ಒಬ್ಬರು ರಿಟೈರ್ಡ್ ಇಂಜಿನಿಯರ್ ಅಂಕಲ್. ಸೇತುವೆ ಕಟ್ಟಿಸಿದವರು. ಅವರಿಗೆ ಯಾರೂ ಏನೂ ಹೇಳಿಕೊಡೋ ಹಾಗಿಲ್ಲ. ನಾನು ನೀಲಿ ತೂತಿಗೆ ಹಾಕಿಕೊಟ್ಟು ಬಂದಿದ್ದ ವೈರನ್ನ ಅವರು ಕಿತ್ತು ಕರಿ ತೂತಿಗೆ ಹಾಕ್ಕೊಂಡಿದ್ದರು.

ಒಂದು ದಿನ ಫ್ಯಾನ್ ಸದ್ದು ಮಾಡ್ತಿದೆ ಅಂತ ಕರೆದರು. ಹೋಗಿ ನೋಡ್ತೀನಿ, ಬ್ಯಾಕಪ್ ಆಮೆ ಥರ ತೆವಳ್ತಾ ಇದೆ. ಬೆಳಗ್ಗೆ ವಾಕಿಂಗ್‌ಗೆ ಹೋಗೋ ಮುಂಚೆ ಶುರು ಮಾಡಿದ್ದಂತೆ, ಸಂಜೆ ವಾಕಿಂಗ್ ಹೊತ್ತಾದರೂ ಅರ್ಧ ಆಗಿಲ್ಲ.

"ಸಾರ್, ಇದು ಹಳೇ ಕಾಲದ ಕನೆಕ್ಷನ್. ನೀಲಿದಕ್ಕೆ ಹಾಕಿದ್ರೆ ತಿಂಡಿ ತಿನ್ನೋದರೊಳಗೆ ಮುಗಿಯುತ್ತೆ" ಅಂದೆ.

ಅಂಕಲ್ ಕನ್ನಡಕ ಮೇಲಕ್ಕೇರಿಸಿ ನನ್ನ ನೋಡಿದರು. "ನೋಡ್ರೀ, ನೀವು ಕಾಫಿ ಕುಡೀತೀರಾ?"

"ಕುಡೀತೀನಿ ಸಾರ್."

"ಫಿಲ್ಟರಲ್ಲಿ ಡಿಕಾಕ್ಷನ್ ಹೇಗಿಳೀಬೇಕು?"

"ನಿಧಾನವಾಗಿ."

"ತೊಟ್ಟುತೊಟ್ಟಾಗಿ! ತಟ್ಟಿ ತಟ್ಟಿ ಬೇಗ ಇಳಿಸಿದ್ರೆ ಏನಾಗುತ್ತೆ? ನೀರುನೀರಾಗುತ್ತೆ. ಇದೂ ಅಷ್ಟೇ. ನಿಧಾನವಾಗಿ ಇಳಿದ್ರೆ ಗಟ್ಟಿಯಾಗಿ ಇಳಿಯುತ್ತೆ."

ಸೇತುವೆ ಕಟ್ಟಿದವರ ಜೊತೆ ವಾದ ಮಾಡಬಾರದು. ಆದರೂ ಕೈ ಮುಗಿದು, "ಒಂದೇ ಒಂದು ವಾರ ನೀಲಿದರಲ್ಲಿ ಮಾಡಿ ನೋಡಿ" ಅಂತ ಒಪ್ಪಿಸಿ, ವೈರ್ ಬದಲಾಯಿಸಿ ಬಂದೆ.

ಮುಂದಿನ ವಾರ ಫೋನ್ ಬಂತು. "ಬೇಗ ಆಯ್ತು, ಒಪ್ಕೋತೀನಿ. ಆದರೆ ನಾನು ಹೇಳಿದ ಹಾಗೇ ಆಗಿದೆ. ಬಂದು ನೋಡಿ, ಫೋಟೋ ತೆಳ್ಳಗಾಗಿವೆ."

ಹೋದೆ. ಟಿವಿ ಮೇಲೆ ಅವರ ಮದುವೆ ಫೋಟೋ ಹಾಕ್ಕೊಂಡು ಕೂತಿದ್ದರು. "ನೋಡಿ, ನನ್ನ ಮುಖ ನೋಡಿ. ಎಷ್ಟು ತೆಳ್ಳಗೆ ಬಂದಿದೆ! ಸೊಂಟ ನೋಡಿ, ಇದೆಯೋ ಇಲ್ಲವೋ ಅನ್ನೋ ಹಾಗಿದೆ. ಆ ವೈರು ಏನೋ ತಿಂದುಹಾಕಿದೆ."

ಅಡುಗೆಮನೆಯಿಂದ ಅವರ ಮನೆಯವರ ದನಿ ಬಂತು. "ವೈರು ಏನೂ ತಿಂದಿಲ್ಲ ರೀ. ಆಮೇಲೆ ತಿಂದಿದ್ದೆಲ್ಲ ನೀವೇ."

ನೀಲಿ ಯಾವುದು?

ಆಯುಧಪೂಜೆ ಮುಗಿದ ಮರುದಿನ ಅಂದರೆ ನನಗೆ ಭಯ. ಬನಶಂಕರಿಯ ಒಬ್ಬರು ಆಂಟಿ ಫೋನ್ ಮಾಡಿದರು. ಟೈಲರಿಂಗ್ ಕ್ಲಾಸ್ ನಡೆಸೋರು, ಬಹಳ ಅಚ್ಚುಕಟ್ಟು. ಹಬ್ಬದ ಫೋಟೋ ಎಲ್ಲ ಡಬ್ಬಕ್ಕೆ ಹೋಗಿದೆ, ಈಗ ಬ್ಯಾಕಪ್ ತಗೋಬೇಕು, ಮಗ ಊರಲ್ಲಿಲ್ಲ, ವೈರ್ ಎಲ್ಲಿಗೆ ಹಾಕಲಿ ಅಂತ.

"ಸುಲಭ ಮೇಡಂ. ಡಬ್ಬದ ಹಿಂದೆ ನೋಡಿ. ಒಳಗೆ ನೀಲಿ ಬಣ್ಣ ಇರೋ ತೂತಿದೆಯಲ್ಲ, ಅದಕ್ಕೆ ಹಾಕಿ."

"ನೀಲಿ ಇಲ್ವಲ್ಲ."

"ಇರುತ್ತೆ ನೋಡಿ. ಎರಡು ಕರಿ, ಒಂದು ನೀಲಿ."

"ಕರೀದೂ ಇಲ್ಲ."

ಯಾರಾದರೂ ಡಬ್ಬಾನೇ ಬದಲಾಯಿಸಿಬಿಟ್ಟರಾ? "ಮತ್ತೆ ಯಾವ ಬಣ್ಣ ಇದೆ ಮೇಡಂ?"

"ಎಲ್ಲಾ ಕೆಂಪು."

ಸ್ಕೂಟರ್ ಹತ್ತಿ ಹೋದೆ. ಡಬ್ಬಕ್ಕೆ ಸೇವಂತಿಗೆ ಹಾರ. ಮುಂದೆ ವಿಭೂತಿ ಪಟ್ಟೆ. ಹಿಂದೆ ತಿರುಗಿಸಿದರೆ ಅವರ ಅತ್ತೆ, ಅಂದರೆ ಮನೆ ಅಜ್ಜಿ, ಒಂದು ತೂತನ್ನೂ ಬಿಡದೆ ಕುಂಕುಮ ತುಂಬಿಟ್ಟಿದ್ದಾರೆ. ಮೇಲೆ ಮೆತ್ತಿದ್ದಲ್ಲ, ಒಳಗೆ ತುರುಕಿದ್ದು. ಫ್ಯಾನಿನ ಜಾಗದಲ್ಲಿ ಒಂದು ನಿಂಬೆಹಣ್ಣಿನ ಹೋಳು.

"ಅಜ್ಜಿ, ತೂತಿನೊಳಗೆ ಯಾಕೆ ಹಾಕಿದ್ರಿ?" ಅಂದೆ.

"ಮತ್ತೆ? ಕಣ್ಣು ಬಾಯಿ ಎಲ್ಲಿದೆ ಅಂತ ಗೊತ್ತಾಗಬೇಡವಾ? ನಿಮ್ಮ ದೇವರಿಗೆ ಮುಖಾನೇ ಇಲ್ಲ. ಎಲ್ಲಾ ಕಡೆಗೂ ಹಾಕಿದೆ, ಎಲ್ಲಿ ಹಣೆ ಇದ್ರೆ ಅಲ್ಲಿಗೆ ತಗೊಳ್ಳಲಿ ಅಂತ."

ಬ್ರಷ್ಷು ಹಿಡ್ಕೊಂಡು ಕೂತೆ. ಕುಂಕುಮ ಕೆಡವಿ ಕೆಡವಿ ನನ್ನ ಪ್ಯಾಂಟು ಶರ್ಟು ಎಲ್ಲ ಕೆಂಪಾಯ್ತು. ಕೊನೆಗೆ ನೀಲಿ ಕಾಣಿಸ್ತು, ವೈರು ಹಾಕಿದೆ, ಡಿಸ್ಕು ಜೀವ ಬಂದ ಹಾಗೆ ಗುಯ್ಯ್ ಅಂತು. ಅಜ್ಜಿಗೆ ತೃಪ್ತಿಯಾಯ್ತು.

ಅದೇ ವೇಷದಲ್ಲಿ ಮನೆಗೆ ಹೋದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದಳು. "ಕೆಲಸಕ್ಕೆ ಹೋಗಿದ್ರಾ, ಇಲ್ಲ ನಿಮ್ಮನ್ನೇ ಬೂದುಗುಂಬಳಕಾಯಿ ಅಂದುಕೊಂಡು ರೋಡಲ್ಲಿ ಒಡೆದ್ರಾ?"

ಗಟ್ಟಿ ಕೇಬಲ್

ಜೆ.ಪಿ. ನಗರದಲ್ಲಿ ಒಬ್ಬರು ಮೇಡಂ, ತಾರಸಿ ತುಂಬ ತರಕಾರಿ ಬೆಳೆಯೋರು. ಅವರಿಗೆ ಬ್ಯಾಕಪ್ ಡಿಸ್ಕ್ ಕೊಡುವಾಗ ವೈರಿನ ಬಗ್ಗೆ ದೊಡ್ಡ ಉಪನ್ಯಾಸ ಕೊಟ್ಟಿದ್ದೆ. "ಮೇಡಂ, ಡಿಸ್ಕ್ ಯಾವುದಾದ್ರೂ ಪರವಾಗಿಲ್ಲ, ವೈರಲ್ಲಿ ಮಾತ್ರ ಜಿಪುಣತನ ಬೇಡ. ಈ ಕೇಬಲ್ ನೋಡಿ, ಮೇಲೆ ಬಟ್ಟೆಯ ಹೆಣಿಗೆ. ಎಳೆದರೂ ಕಿತ್ತು ಬರಲ್ಲ, ಬಿಸಿಲಿಗೆ ಸೀಳಲ್ಲ."

ಕೆಲವು ತಿಂಗಳಾದಮೇಲೆ ಫೋನು. "ಡಿಸ್ಕ್ ಹಾಳಾಗಿದೆ. ಲೈಟ್ ಮಾತ್ರ ಬರುತ್ತೆ, ಒಳಗಡೆ ಏನೂ ಕಾಣಿಸಲ್ಲ."

ಹೋಗಿ ನೋಡಿದರೆ ಡಿಸ್ಕು ಚೆನ್ನಾಗೇ ಇದೆ. ಸಿಕ್ಕಿಸಿರೋ ವೈರು ಸೊಳ್ಳೆ ಬ್ಯಾಟಿಂದು. ಆ ವೈರಲ್ಲಿ ಕರೆಂಟ್ ಮಾತ್ರ ಹೋಗುತ್ತೆ, ಫೋಟೋ ಹೋಗಲ್ಲ. ಹಾಗಾಗಿ ದೀಪ ಉರೀತಿದೆ, ಕೆಲಸ ಆಗ್ತಿಲ್ಲ.

"ಮೇಡಂ, ನಾನು ಕೊಟ್ಟಿದ್ದ ಗಟ್ಟಿ ಕೇಬಲ್ ಎಲ್ಲಿ?"

ಮೇಡಂ ಮುಖ ಅರಳಿತು. "ಬನ್ನಿ ಬನ್ನಿ, ತೋರಿಸ್ತೀನಿ. ನೀವು ಹೇಳಿದ್ದು ನೂರಕ್ಕೆ ನೂರು ನಿಜ!"

ತಾರಸಿಗೆ ಕರ್ಕೊಂಡು ಹೋದರು. ಅಲ್ಲಿ ಚಪ್ಪರದ ಮೇಲೆ ಹಾಗಲಕಾಯಿ ಬಳ್ಳಿ ಹಬ್ಬಿದೆ. ಚಪ್ಪರಕ್ಕೂ ನೀರಿನ ಟ್ಯಾಂಕ್ ಪೈಪಿಗೂ ನಡುವೆ, ಬಿಗಿಯಾಗಿ ಎಳೆದು ಗಂಟು ಹಾಕಿದ್ದು ನನ್ನ ಕೇಬಲ್. ಬಳ್ಳಿ ಅದರ ಸುತ್ತ ಪ್ರೀತಿಯಿಂದ ಸುತ್ತಿಕೊಂಡಿದೆ.

"ಏನೆಲ್ಲ ದಾರ ಕಟ್ಟಿ ನೋಡಿದೆ, ಎಲ್ಲ ಕಿತ್ತುಹೋಯ್ತು. ಆಗ ನಿಮ್ಮ ಮಾತು ನೆನಪಾಯ್ತು. ಎಳೆದರೂ ಬರಲ್ಲ, ಬಿಸಿಲಿಗೆ ಸೀಳಲ್ಲ ಅಂದಿದ್ರಲ್ಲ. ಎಷ್ಟು ಮಳೆ ಗಾಳಿ ಆದರೂ ಅಲ್ಲಾಡಿಲ್ಲ ನೋಡಿ."

"ಸರಿ ಮೇಡಂ, ಆದರೆ ನಿಮ್ಮ ಮೊಮ್ಮಗಳ ನಾಮಕರಣದ ಫೋಟೋ ಎಲ್ಲ ಒಂದೇ ಕಡೆ ಇದೆ. ಡಬ್ಬ ಕೆಟ್ಟರೆ ಗತಿಯಿಲ್ಲ. ಬಿಚ್ಚಿಕೊಡಿ, ಈಗಲೇ ಬ್ಯಾಕಪ್ ಮಾಡೋಣ."

ಮೇಡಂ ಬಳ್ಳಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಮನಸ್ಸಿನಲ್ಲಿ ಏನೋ ತೂಗಿದರು.

"ಈಗ ತಾನೇ ಹೂ ಬಿಟ್ಟಿದೆ. ಒಂದು ಕೆಲಸ ಮಾಡಿ, ಕಾಯಿ ಆದಮೇಲೆ ಬನ್ನಿ."

ಮೂವರ ಸಮಿತಿ

ಬಿ.ಟಿ.ಎಂ. ಲೇಔಟಿನಲ್ಲಿ ಒಂದೇ ಮನೆ ಬಾಡಿಗೆಗೆ ತಗೊಂಡಿದ್ದ ಮೂವರು ಹುಡುಗರು. ಮೂವರೂ ಕಂಪ್ಯೂಟರ್ ಕೆಲಸದವರೇ. ಸರ್ವರ್ ಡಬ್ಬ ನನ್ನ ಹತ್ತಿರ ತಗೊಂಡು ಹೋಗಿದ್ದರು, ಕೂರಿಸಿಕೊಳ್ಳೋದು ನಾವೇ ಮಾಡ್ಕೋತೀವಿ ಅಂದಿದ್ದರು. ಬಹಳ ದಿನ ಆದಮೇಲೆ ಅವರಲ್ಲೊಬ್ಬ ಅಂಗಡಿಗೆ ಬಂದ.

"ಅಂಕಲ್, ಒಂದು ಸಲ ಮನೆಗೆ ಬನ್ನಿ. ನೀವು ಹೇಳಿದ ಹಾಗೆ ಕೇಳ್ತೀವಿ ಅಂತ ಮೂವರೂ ಒಪ್ಕೊಂಡಿದೀವಿ."

ಏನೋ ಪಂಚಾಯ್ತಿ ಅಂತ ಗೊತ್ತಾಯ್ತು. ಭಾನುವಾರ ಹೋದೆ. ಗೋಡೆ ತುಂಬ ಬಿಳಿ ಬೋರ್ಡು, ಅದರ ತುಂಬ ಬಾಣದ ಗುರುತು. ಮೂವರೂ ಮೂರು ಮೂಲೆಯಲ್ಲಿ ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡ್ತಿಲ್ಲ.

ಮೊದಲನೆಯವನು ಶುರು ಮಾಡಿದ. "ಅಂಕಲ್, ನಾನು ಹೇಳೋದು ಸಿಂಪಲ್. ಬ್ಯಾಕಪ್‌ಗೆ ಟೈಪ್-ಸಿ ಡಿಸ್ಕ್. ಸಖತ್ ಸ್ಪೀಡು. ಹೇಗೆ ತಿರುಗಿಸಿ ಹಾಕಿದ್ರೂ ಹೋಗುತ್ತೆ."

"ಮಗಾ, ಅದು ಅಲ್ಲಾಡಿದ್ರೆ ಬಿಚ್ಚಿಕೊಳ್ಳುತ್ತೆ ಕಣೋ" ಅಂದ ಎರಡನೆಯವನು. "ಅಂಕಲ್, ನೆಟ್‌ವರ್ಕ್ ಡಿಸ್ಕೇ ಸರಿ. ಬೇರೆ ರೂಮಲ್ಲಿಡಬಹುದು. ಕಳ್ಳ ಬಂದ್ರೂ ಒಂದನ್ನ ತಗೊಂಡು ಹೋಗ್ತಾನೆ, ಇನ್ನೊಂದು ಉಳಿಯುತ್ತೆ."

"ಕಳ್ಳ ಏನು ಒಂದೇ ರೂಮಿಗೆ ಬರ್ತಾನಾ ಗುರು?" ಅಂದ ಮೂರನೆಯವನು. "ಕವರಿಲ್ಲದ ಬರೀ ಡಿಸ್ಕ್ ತಗೊಂಡು, ಕ್ಯಾಸೆಟ್ ಥರ ಒಳಗೆ ತಳ್ಳೋ ಸ್ಟ್ಯಾಂಡಿಗೆ ಹಾಕ್ಬೇಕು. ವೈರಿನ ತಂಟೆಯೇ ಇಲ್ಲ."

ಇದೇ ಜಗಳ ತಿಂಗಳುಗಟ್ಟಲೆ ನಡೆದಿತ್ತಂತೆ. ಮೂವರೂ ಒಟ್ಟಿಗೆ ಊಟ ಮಾಡೋದು ಬಿಟ್ಟಿದ್ದರಂತೆ. ಮಡಿವಾಳ ಮಾರ್ಕೆಟಿಗೆ ತರಕಾರಿ ತರೋಕೂ ಬೇರೆ ಬೇರೆ ಹೋಗ್ತಿದ್ದರಂತೆ. ಒಬ್ಬ ಮನೆ ಬಿಟ್ಟು ಹೋಗೋ ಯೋಚನೆಯಲ್ಲಿದ್ದ. ನನಗೆ ಪಾಪ ಅನ್ನಿಸ್ತು. ಒಳ್ಳೇ ಸ್ನೇಹ, ಒಂದು ವೈರಿನ ದೆಸೆಯಿಂದ ಹಾಳಾಗ್ತಿದೆಯಲ್ಲ ಅಂತ.

"ನೋಡ್ರಪ್ಪಾ, ಮೂರೂ ಸರಿ. ಎಷ್ಟು ಸಾಮಾನಿದೆ, ಎಷ್ಟು ಸಲ ತುಂಬ್ತೀರಿ ಅನ್ನೋದರ ಮೇಲೆ ವೈರ್ ನಿರ್ಧಾರ ಆಗುತ್ತೆ. ಮೊದಲು ಸರ್ವರ್ ತೆಗೆದು ತೋರಿಸಿ, ಒಳಗೆ ಎಷ್ಟಿದೆ ನೋಡೋಣ."

ಟೈಪ್-ಸಿ ಹುಡುಗ ಮಂಚದ ಕೆಳಗಿಂದ ಡಬ್ಬ ಎಳೆದ. ಅಂಗಡಿಯ ಟೇಪು ಹಾಗೇ ಇದೆ, ಬಿಚ್ಚೇ ಇಲ್ಲ!

"ಇದೇನ್ರಪ್ಪಾ ಇದು?"

ಮೊದಲನೇ ಸಲ ಮೂವರೂ ಒಂದೇ ದನಿಯಲ್ಲಿ ಉತ್ತರ ಕೊಟ್ಟರು. "ಬ್ಯಾಕಪ್ ಇಲ್ದೆ ಹೇಗೆ ಅಂಕಲ್ ಶುರು ಮಾಡೋದು? ರಿಸ್ಕು!"

ಅಣ್ಣ ತಮ್ಮನ ಗೋಡೆ

ಅಂಜನಾಪುರದ ಕಡೆ ಇಬ್ಬರು ಅಣ್ಣತಮ್ಮಂದಿರು. ಹಿಂದೆ ಅವರಪ್ಪನ ಹೊಲ ಇದ್ದ ಜಾಗದಲ್ಲೇ ಈಗ ಇಬ್ಬರೂ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟು, ತಾವೂ ಅಕ್ಕಪಕ್ಕದಲ್ಲೇ ಇದ್ದಾರೆ. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಆದರೆ ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಬೋರ್‌ವೆಲ್ ಎಲ್ಲಿ ಕೊರೆಸಬೇಕು ಅನ್ನೋದರಲ್ಲಿ ಶುರುವಾಗಿದ್ದು. ಬೋರು ಬತ್ತಿಹೋಯ್ತು, ಜಗಳ ಬತ್ತಲಿಲ್ಲ.

ಸರ್ವರ್ ಹಾಕಿಸಿದ್ದು ಅಣ್ಣ. ಅಪ್ಪ ಅಮ್ಮನ ಹಳೇ ಫೋಟೋಗಳನ್ನೆಲ್ಲ ನಾನೇ ಸ್ಕ್ಯಾನ್ ಮಾಡಿ ತುಂಬಿಸಿಕೊಟ್ಟಿದ್ದೆ. "ಬ್ಯಾಕಪ್ ಡಿಸ್ಕು ಇದೇ ಮನೆಯಲ್ಲಿ ಬೇಡ, ಬೇರೆ ಸೂರಿನ ಕೆಳಗಿದ್ದರೆ ಒಳ್ಳೇದು. ನೆಟ್‌ವರ್ಕ್ ವೈರ್ ಎಳೆದುಬಿಟ್ಟರೆ ತಂತಾನೇ ಕಾಪಿ ಆಗ್ತಿರುತ್ತೆ" ಅಂದೆ.

ಅವರ ಮನೆಯವರು ತಕ್ಷಣ, "ಪಕ್ಕದಲ್ಲೇ ಮೈದುನನ ಮನೆ ಇದೆಯಲ್ಲ" ಅಂದುಬಿಟ್ಟರು. ಅಣ್ಣನ ಮುಖ ಕಪ್ಪಿಟ್ಟಿತು. ಆದರೆ ಅಪ್ಪನ ಫೋಟೋ ವಿಷಯ. ಕೊನೆಗೆ ನನಗೆ, "ನೀವೇ ಹೋಗಿ ಕೇಳಿ. ನಾನು ಕೇಳಿದೆ ಅನ್ನಬೇಡಿ" ಅಂದರು.

ಹೋಗಿ ಕೇಳಿದೆ. ತಮ್ಮ ಬಹಳ ಹೊತ್ತು ಮೀಸೆ ತೀಡಿ, "ಅಪ್ಪನ ಫೋಟೋ ಅಂತೀರಿ, ಆಗಲಿ. ಆದರೆ ನಾನು ಒಪ್ಪಿದೆ ಅನ್ನಬೇಡಿ" ಅಂದರು.

ಯಾರೂ ಕೇಳದೆ, ಯಾರೂ ಒಪ್ಪದೆ, ಗೋಡೆ ಕೊರೆಯೋ ದಿನ ಬಂತು. ಅಣ್ಣ ಈ ಕಡೆ ನಿಂತರು, ತಮ್ಮ ಆ ಕಡೆ. ನಾನು ಡ್ರಿಲ್ಲು ಹಿಡಿದು ಅಣ್ಣನ ಹಾಲಲ್ಲಿ.

"ಅವನಿಗೆ ಹೇಳಿ ಬನ್ನಿ" ಅಂದರು ಅಣ್ಣ. "ಗೋಡೆಗೆ ಒರಗಿಕೊಂಡು ನಿಲ್ಲಬೇಡ, ಹೊಟ್ಟೆಗೆ ಚುಚ್ಚುತ್ತೆ ಅಂತ."

ಈ ಗೇಟಿಂದ ಆಚೆ, ಆ ಗೇಟಿಂದ ಒಳಗೆ ಹೋಗಿ ಹೇಳಿದೆ.

"ನನ್ನ ಹೊಟ್ಟೆ ಮೇಲೆ ಅವರಿಗೆ ಯಾವಾಗಿಂದ ಕಾಳಜಿ ಅಂತ ಕೇಳಿ ಬನ್ನಿ" ಅಂದರು ತಮ್ಮ.

ಮತ್ತೆ ಆ ಗೇಟು, ಈ ಗೇಟು. ನನ್ನ ಕಾಲು ಸವೆದ ಮೇಲೆ ಅಂತೂ ಡ್ರಿಲ್ ಶುರುವಾಯ್ತು. ಧೂಳು ಎದ್ದಿತು, ತೂತು ಬಿತ್ತು. ವೈರ್ ತರೋಕೆ ನಾನು ಬ್ಯಾಗಿನ ಹತ್ತಿರ ಹೋದೆ. ಅಷ್ಟರಲ್ಲಿ ಅಣ್ಣ ಬಗ್ಗಿ ತೂತಿನಲ್ಲಿ ಕಣ್ಣಿಟ್ಟರು. ಆ ಕಡೆಯೂ ಒಂದು ಕಣ್ಣು.

"ಯಾರೋ ಅದು?"

"ನಾನೇ ಕಣಣ್ಣಾ."

ಅಣ್ಣ ಕಣ್ಣು ತೆಗೀಲಿಲ್ಲ.

"ಯಾವ ಫೋಟೋ ಬರುತ್ತೆ ಇದರಲ್ಲಿ?" ಅಂತು ಗೋಡೆ.

"ಅಪ್ಪ ಎತ್ತು ಹಿಡ್ಕೊಂಡು ನಿಂತಿರೋದು."

"ಕೊಂಬು ಮುರಿದಿತ್ತಲ್ಲ, ಆ ಎತ್ತಾ? ಅದು ನನ್ನ ಎತ್ತು."

"ನಿನ್ನದು ಹೇಗೋ ಆಗುತ್ತೆ? ಹುಲ್ಲು ಹಾಕ್ತಿದ್ದೋನು ನಾನು!"

"ಹಾಯಿಸಿಕೊಂಡಿದ್ದೋನು ನಾನು! ಇನ್ನೂ ಗುರುತಿದೆ!"

ಅಣ್ಣ ನೆಲದ ಮೇಲೇ ಕೂತರು. ಆ ಕಡೆಯೂ ಕೂತ ಸದ್ದಾಯ್ತು. ಎತ್ತಿಂದ ಬಾವಿಗೆ, ಬಾವಿಯಿಂದ ಅಮ್ಮನಿಗೆ, ಅಮ್ಮನಿಂದ ಅವರು ಮಾಡ್ತಿದ್ದ ಅವರೆಕಾಳು ಸಾರಿಗೆ ಮಾತು ಹೋಯ್ತು. ಅಣ್ಣನ ಮನೆಯವರು ಸೆರಗಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದರು. ನಾನು ವೈರ್ ಸುರುಳಿ ಹಿಡ್ಕೊಂಡು, "ಸ್ವಲ್ಪ ಸರೀತೀರಾ, ವೈರ್ ಹಾಕ್ಬೇಕು" ಅಂತ ಕೇಳೋಕೂ ಮನಸ್ಸು ಬರದೆ ನಿಂತೇ ಇದ್ದೆ. ಅವರಿಬ್ಬರೂ ಊಟಕ್ಕೆ ಎದ್ದಮೇಲೇ ನನ್ನ ವೈರು ಗೋಡೆ ದಾಟಿದ್ದು.

ಹೀಗೇ ಒಂದು ದಿನ ಅಣ್ಣನ ಫೋನು ಬಂತು. "ಸಾರ್, ಆ ತೂತು ಸಾಲ್ತಿಲ್ಲ. ಡ್ರಿಲ್ ತಗೊಂಡು ಬನ್ನಿ, ಸ್ವಲ್ಪ ಅಗಲ ಮಾಡ್ಬೇಕು."

"ಯಾಕೆ ಸಾರ್, ಇನ್ನೊಂದು ವೈರ್ ಎಳೀಬೇಕಾ?"

"ವೈರಲ್ಲ ಸಾರ್. ಸಾರು ಲೋಟದಲ್ಲಿ ಹೇಗೋ ಬಗ್ಗಿಸಿ ಕೊಡ್ತಿದೀವಿ. ಮುದ್ದೆ ಹೋಗ್ತಿಲ್ಲ."

ಗಟ್ಟಿಮೇಳ

ಇದು ತಿಲಕ್ ನಗರದ ಒಂದು ಕುಟುಂಬದ ಪ್ರಸಂಗ. ಯಜಮಾನರು ಬಟ್ಟೆ ಅಂಗಡಿಯವರು. ಜೋರು ದನಿ, ದೊಡ್ಡ ಮೀಸೆ, ಅಂಗಡಿಯಲ್ಲಿ ಅವರು ಕೆಮ್ಮಿದರೆ ಕೆಲಸದವರು ಎದ್ದು ನಿಲ್ತಾರೆ. ಬ್ಯಾಕಪ್‌ಗೆ ಡಿಸ್ಕ್ ಆರಿಸೋಕೆ ಬಂದಾಗ ಎರಡು ಥರದ್ದು ಮುಂದಿಟ್ಟೆ.

"ಇದು ಸಣ್ಣದು ಸಾರ್. ಜೇಬಲ್ಲಿ ಹಿಡಿಯುತ್ತೆ, ಕರೆಂಟು ಫೋಟೋ ಹೋಗೋ ವೈರಲ್ಲೇ ಬರುತ್ತೆ. ಇದು ದೊಡ್ಡದು. ಇದಕ್ಕೆ ಬೇರೆ ಅಡಾಪ್ಟರ್ ಬೇಕು, ಗೋಡೆಗೆ ಹಾಕಿದ್ರೇನೇ ನಡೆಯೋದು. ಅಡಾಪ್ಟರ್ ಕಳೆದುಹೋದ್ರೆ ಇದು ಬರೀ ಇಟ್ಟಿಗೆ."

"ಗಂಡಸಿನ ಥರ ಇರೋದು ಕೊಡಿ" ಅಂತ ದೊಡ್ಡದನ್ನ ತಗೊಂಡು ಹೋದರು.

ಅವರ ಅರವತ್ತರ ಶಾಂತಿ ಬಂತು. ಬನಶಂಕರಿಯಲ್ಲಿ ಒಂದು ಛತ್ರ. ಅರವತ್ತಾದಾಗ ಹೆಂಡತಿಗೆ ಮತ್ತೆ ತಾಳಿ ಕಟ್ಟೋ ಶಾಸ್ತ್ರ. ಮಗಳು ಅಪ್ಪನ ಜೀವನದ ಫೋಟೋಗಳನ್ನೆಲ್ಲ ಸಾಲಾಗಿ ಜೋಡಿಸಿ, ದೊಡ್ಡ ಪರದೆ ಮೇಲೆ ತೋರಿಸೋ ಏರ್ಪಾಡು ಮಾಡಿದ್ದಳು. ಹಿಂದಿನ ದಿನ ಮನೆಯಲ್ಲಿ ಕರೆಂಟ್ ಏರುಪೇರಾಗಿ ಸರ್ವರ್ ಡಬ್ಬ ಸುಟ್ಟುಹೋಯ್ತು. ಉಳಿದಿದ್ದು ಬ್ಯಾಕಪ್ ಡಿಸ್ಕೊಂದೇ. ಅದನ್ನೇ ತಗೊಂಡು ಛತ್ರಕ್ಕೆ ಬಂದರು, ಅಡಾಪ್ಟರ್ ಮನೆಯಲ್ಲೇ ಬಿಟ್ಟು. ಮನೆಗೆ ಬೀಗ, ಬೀಗದ ಕೈ ಯಾವ ಬ್ಯಾಗಿನಲ್ಲಿದೆಯೋ ಯಾರಿಗೂ ಗೊತ್ತಿಲ್ಲ.

ಊಟಕ್ಕೆ ಬಂದಿದ್ದ ನನ್ನ ಕೈಗೆ ಮಗಳು ಡಿಸ್ಕ್ ಕೊಟ್ಟು ಅಳೋಕೆ ಶುರು ಮಾಡಿದಳು. "ಅಪ್ಪನಿಗೆ ಗೊತ್ತಿಲ್ಲ ಅಂಕಲ್, ಸರ್‌ಪ್ರೈಸು. ಏನಾದ್ರೂ ಮಾಡಿ."

ಛತ್ರವೆಲ್ಲ ಹುಡುಕಿದೆ. ಫೋನಿನ ಚಾರ್ಜರು ರಾಶಿ ಇವೆ, ಇದಕ್ಕೆ ಆಗೋದು ಒಂದೂ ಇಲ್ಲ. ಕೊನೆಗೆ ಕಣ್ಣಿಗೆ ಬಿದ್ದಿದ್ದು ವಾಲಗದವರ ಶ್ರುತಿ ಪೆಟ್ಟಿಗೆ. ದೊಡ್ಡ ಸೈಜಿಂದು, ಕರೆಂಟಿನದು. ಅದರ ಅಡಾಪ್ಟರ್ ಎತ್ತಿ ಹಿಂದೆ ಬರೆದಿದ್ದು ಓದಿದೆ. ವೋಲ್ಟೂ ಸರಿ, ಆಂಪಿಯರೂ ಸರಿ, ಪಿನ್ನೂ ಸರಿ.

ನಾಗಸ್ವರದವರ ಕಾಲಿಗೆ ಬೀಳೋದೊಂದು ಬಾಕಿ. "ಯಜಮಾನ್ರೇ, ಮುಹೂರ್ತಕ್ಕೆ ಇನ್ನೂ ಹೊತ್ತಿದೆ. ಅಲ್ಲೀವರೆಗೆ ಇದು ಕೊಡಿ."

"ಶ್ರುತಿ ಇಲ್ದೆ ಊದೋದು ಹೇಗೆ?" ಅಂದರು ಅವರು. "ಸರಿ, ತಗೊಳ್ಳಿ. ಆದ್ರೆ ಗಟ್ಟಿಮೇಳ ಅಂದ ತಕ್ಷಣ ನನ್ನದು ನನಗೆ."

ಡಿಸ್ಕಿಗೆ ಜೀವ ಬಂತು. ಮಗಳ ಲ್ಯಾಪ್‌ಟಾಪಿನ ಹೊಟ್ಟೆ ತುಂಬಿಹೋಗಿತ್ತು, ಅದಕ್ಕೆ ಕಾಪಿ ಮಾಡಿಕೊಳ್ಳೋಕೆ ಜಾಗ ಇರಲಿಲ್ಲ. ಹಾಗಾಗಿ ಡಿಸ್ಕಿನಿಂದಲೇ ಪರದೆಗೆ ಬಿಟ್ಟೆವು. ಯಜಮಾನರು ತೊಟ್ಟಿಲಲ್ಲಿ, ಯಜಮಾನರು ಸ್ಕೂಲ್ ಚಡ್ಡಿಯಲ್ಲಿ, ಯಜಮಾನರು ಸೈಕಲ್ ಮೇಲೆ. ಜನ ಚಪ್ಪಾಳೆ ತಟ್ಟಿದರು. ಮಣೆ ಮೇಲೆ ಕೂತ ಯಜಮಾನರು ಮೀಸೆ ತಿರುವಿಕೊಂಡು ನೋಡ್ತಿದ್ದರು. ಮಗಳು ಅಳು ನಿಲ್ಲಿಸಿ ನಗ್ತಿದ್ದಳು.

ಪುರೋಹಿತರಿಗೆ ಮಧ್ಯಾಹ್ನ ಇನ್ನೊಂದು ಕಡೆ ಕಾರ್ಯ ಇತ್ತೇನೋ. ಮಂತ್ರ ಸರಸರ ಓಡಿಸಿ, ಯಾರೂ ಎಣಿಸದ ಹೊತ್ತಿನಲ್ಲಿ ಕೈಯೆತ್ತಿ ಕೂಗಿಬಿಟ್ಟರು. "ಗಟ್ಟಿಮೇಳ! ಗಟ್ಟಿಮೇಳ!"

ನಾಗಸ್ವರದವರು ಹಾರಿ ಬಂದು, ನಾನು "ಒಂದು ನಿಮಿಷ" ಅನ್ನೋದರೊಳಗೆ ಅಡಾಪ್ಟರ್ ಕಿತ್ತುಕೊಂಡು ಹೋದರು. ಡಿಸ್ಕು ಉಸಿರು ನಿಲ್ಲಿಸ್ತು. ಪರದೆ ಮೇಲೆ ಓಡ್ತಿದ್ದ ಫೋಟೋ ಅಲ್ಲೇ ನಿಂತಿತು. ಶ್ರುತಿ ಶುರುವಾಯ್ತು, ಡೋಲು ಮೊಳಗಿತು, ಎಲ್ಲರೂ ಅಕ್ಷತೆ ಹಿಡಿದು ತಲೆಯೆತ್ತಿದರು.

ಪರದೆ ತುಂಬ ಒಬ್ಬಳು ಹುಡುಗಿ. ಮೊಗ್ಗಿನ ಜಡೆ, ಜರಿ ಸೀರೆ, ಕಣ್ಣಿಗೆ ಕಾಡಿಗೆ, ಬಳುಕಿಕೊಂಡು ನಿಂತು ವಾರೆನೋಟ ಬೀರ್ತಿದ್ದಾಳೆ. ಕಾಲೇಜು ನಾಟಕದಲ್ಲಿ ಯಜಮಾನರು ಹಾಕಿದ್ದ ನಾಯಕಿ ಪಾತ್ರ!

ಲ್ಯಾಪ್‌ಟಾಪಿನ ಯಾವ ಗುಂಡಿ ಒತ್ತಿದರೂ ಹುಡುಗಿ ಕದಲ್ತಿಲ್ಲ. ಕೆಳಗೆ ಯಜಮಾನರು ಕೈಯಲ್ಲಿ ತಾಳಿ ಹಿಡಿದು, ಬಾಯಿ ತೆರೆದು, ಮೇಲೆ ನೋಡ್ತಾ ಕಲ್ಲಾಗಿ ಕೂತಿದ್ದಾರೆ. ಅಂಗಡಿ ಕೆಲಸದವರು ಟವೆಲ್ಲು ಬಾಯಿಗೆ ತುರುಕಿಕೊಂಡು ಅಲುಗಾಡ್ತಿದ್ದಾರೆ. ಪುರೋಹಿತರು, "ಕಟ್ಟಿ ಸ್ವಾಮಿ, ಮುಹೂರ್ತ ಮೀರುತ್ತೆ" ಅಂತ ಕೂಗ್ತಾನೇ ಇದ್ದಾರೆ. ಅಂತೂ ಗಂಟು ಬಿತ್ತು, ಅಕ್ಷತೆ ಬಿತ್ತು, ಡೋಲು ನಿಂತಿತು.

ಆ ನಿಶ್ಶಬ್ದದಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಅಜ್ಜಿ, ಕಿವಿ ಮಂದ ಆದ್ದರಿಂದ ಗಟ್ಟಿಯಾಗೇ, ಛತ್ರಕ್ಕೆಲ್ಲ ಕೇಳಿಸೋ ಹಾಗೆ ಕೇಳಿದರು. "ಹುಡುಗಿ ಎಷ್ಟು ಲಕ್ಷಣವಾಗಿದ್ದಾಳೆ! ಯಾರ ಮನೆಯವಳು? ನಮ್ಮ ಹುಡುಗನಿಗೆ ಕೇಳಬಹುದಾ?"

ಯಜಮಾನರು ತಲೆ ತಗ್ಗಿಸಿದರು. ಅವರ ಹೆಂಡತಿ ಹೊಸ ತಾಳಿಯನ್ನ ಕಣ್ಣಿಗೊತ್ತಿಕೊಂಡು, ಸೆರಗು ಸರಿಮಾಡಿಕೊಂಡು, ಅಷ್ಟೇ ಗಟ್ಟಿಯಾಗಿ ಅಜ್ಜಿಗೆ ಉತ್ತರ ಕೊಟ್ಟರು.

"ಇಲ್ಲ ಅಜ್ಜಿ, ಆಗಲ್ಲ. ಆ ಹುಡುಗೀನ ನಾನು ಮದುವೆ ಆಗಿದ್ದೀನಿ. ಇವತ್ತಿಗೆ ಎರಡನೇ ಸಲ!"